ಗಡ್ಡೆಯ ನೆರೆಮನೆ

ಸರ್ಜನ್ ಐಸ್ ಡಬ್ಬಿ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಾಗ ಅವಳು ತಲೆಯನ್ನೂ ಎತ್ತಲಿಲ್ಲ. ಅಟೆಂಡರ್ ತರಬೇಕಾದ ಡಬ್ಬಿಯನ್ನು ಇವನೇ ಏಕೆ ಹೊತ್ತು ತರುತ್ತಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಪ್ಪಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ, ಅಷ್ಟೆ.

ಗಡ್ಡೆಯ ಸುತ್ತಲಿನ ಕೊಬ್ಬು ಉಳಿದವರಿಗೆ ಕಸ. ಅವಳಿಗೆ ಬೇಕಾದದ್ದೇ ಅದು. ಕ್ಯಾನ್ಸರ್ ಕೋಶಗಳು ನೆರೆಯ ಕೊಬ್ಬಿನ ಕೋಶಗಳನ್ನು ಪುಸಲಾಯಿಸಿ, ಅವು ಕೂಡಿಟ್ಟ ಎಣ್ಣೆಯನ್ನು ಹೀರಿ, ಅದನ್ನೇ ಉರಿಸಿಕೊಂಡು ಹೇಗೆ ಬೆಳೆಯುತ್ತವೆಂದು ಹುಡುಕುವುದರಲ್ಲೇ ಅವಳ ಯೌವನ ಸವೆದಿತ್ತು. ಮದುವೆಯ ಮಾತೆತ್ತಿ ಎತ್ತಿ ಅಮ್ಮನೂ ಸುಮ್ಮನಾಗಿದ್ದಳು. ಆಸ್ಪತ್ರೆಯವರು ಬೆನ್ನ ಹಿಂದೆ ಅವಳನ್ನು ‘ಕೊಬ್ಬಿನ ಮೇಡಂ’ ಎನ್ನುತ್ತಿದ್ದರು. ಇವನೊಬ್ಬ ಎದುರಿಗೇ ಹಾಗೆ ಕರೆದು, ಅವಳು ದುರುಗುಟ್ಟಿದರೆ ಮಾಸ್ಕಿನ ಮೇಲಿನ ಕಣ್ಣಲ್ಲೇ ನಗುತ್ತಿದ್ದ.

ಇವತ್ತು ನಗಲಿಲ್ಲ.

ಅವಳು ಡಬ್ಬಿಯಲ್ಲಿದ್ದ ಕೊಬ್ಬಿನ ತೆಳು ಚೂರೊಂದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಬಗ್ಗಿದಳು. ದೂರದ ಕೋಶಗಳು ಹನಿಗಳಂತೆ ದುಂಡಗಿದ್ದವು. ಗಡ್ಡೆಗೆ ಅಂಟಿಕೊಂಡವು ಸೊರಗಿ ಹೋಗಿದ್ದವು.

“ತಿಂದು ತೇಗಿದೆ,” ಎಂದಳು ಹೆಚ್ಚುಕಡಿಮೆ ಖುಷಿಯಲ್ಲೇ. “ಇಷ್ಟು ಹಸಿದ ಗಡ್ಡೆ ನೋಡಿ ಬಹಳ ದಿನ ಆಗಿತ್ತು.”

ಅವನು ಸ್ಟೂಲೆಳೆದು ಕೂತ.

“ಅದು ನಮ್ಮ ಅಕ್ಕಂದು.”

ತಾಯಿ ಇಲ್ಲದ ತಮ್ಮನನ್ನು ಬೆಳೆಸಿದ ಅಕ್ಕ. ಆಪರೇಷನ್ ಬೇರೆ ಡಾಕ್ಟರ್ ಮಾಡಿದರಂತೆ, ಇವನು ಹೊರಗೆ ಗೋಡೆಗೊರಗಿ ನಿಂತಿದ್ದನಂತೆ. ಕೊಬ್ಬನ್ನು ಸಂಶೋಧನೆಗೆ ಕೊಡಲು ಅಕ್ಕನೇ ಒಪ್ಪಿದ್ದಳಂತೆ.

ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು. ಆದರೂ ಸುಳ್ಳು ಸಮಾಧಾನ ಹೇಳಲಿಲ್ಲ.

“ಒಂದು ಚೂರು ನೋಡಿ ಆಯಸ್ಸು ಹೇಳೋಕೆ ನಾನೇನು ಜ್ಯೋತಿಷಿ ಅಲ್ಲ.”

“ಗೊತ್ತು. ನಿಮ್ಮ ಬಾಯಿಂದ ಕೇಳ್ಬೇಕಿತ್ತು.” ಐಸ್ ಡಬ್ಬಿಯ ಮುಚ್ಚಳ ಹಾಕಿ, “ವಾರ್ಡಿಗೆ ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ,” ಎಂದ.

ಅವಳು ಕೋಟು ಬಿಚ್ಚಿ, ಕೈ ತೊಳೆದು, ಅವನ ಜೊತೆ ನಡೆದಳು.

ಅಕ್ಕ ಆಗತಾನೇ ಕಣ್ಣು ಬಿಟ್ಟಿದ್ದಳು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವನು ಹೇಳ್ತಿದ್ದ ಕೊಬ್ಬಿನ ಮೇಡಂ ನೀನೇನಾ? ನನ್ನ ಕೊಬ್ಬು ತಗೊಂಡ್ಯಲ್ಲ ತಾಯಿ. ಇವನ ಕೊಬ್ಬು ಇಳಿಸೋರು ಯಾರು?” ಎಂದಳು. ಉತ್ತರ ಬರುವ ಮೊದಲೇ ಮತ್ತೆ ಮಂಪರು ಹತ್ತಿತು.

ಮುಂದಿನ ತಿಂಗಳಿಂದ ಕೀಮೋ ಶುರು ಎಂದು ನರ್ಸ್ ಹೇಳಿ ಹೋದಳು. ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು.

“ತುಂಬಾ ದಿನದಿಂದ ಒಂದು ಮಾತು…”

“ಇವತ್ತು ಬೇಡ,” ಎಂದಳು ಮೆಲ್ಲಗೆ. “ಇಬ್ಬರಿಗೂ ಸುಸ್ತಾಗಿದೆ. ನಾನೆಲ್ಲಿಗೂ ಹೋಗಲ್ಲ.”

ಅವನ ತಲೆ ಅವಳ ಭುಜಕ್ಕೆ ವಾಲಿತು. ಕಾರಿಡಾರಿನಲ್ಲಿ ಗುರುತಿನವರು ಓಡಾಡುತ್ತಿದ್ದರು. ಅವಳು ಸರಿದು ಕೂರಲಿಲ್ಲ.