ಕ್ಲಿನಿಕ್ಕಿನ ತೊಟ್ಟಿಯಲ್ಲೊಂದು ಗಿಡ

"ಅಮ್ಮಾ! ಎಲೆ ಎಲ್ಲಿ? ಎಲೆಗಳೆಲ್ಲ ಎಲ್ಲಿ ಹೋದ್ವು?"

ಗಿರಗಿಟ್ಲೆ ಕಿರುಚಿದ ರಭಸಕ್ಕೆ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾದು ಕೂತಿದ್ದವರೆಲ್ಲ ಕೆನ್ನೆ ಮೇಲಿನ ಕೈ ತೆಗೆದು ತಿರುಗಿ ನೋಡಿದರು. ಕೌಂಟರಿನ ಹಿಂದಿದ್ದ ಅಮ್ಮ ಫೋನಿನಲ್ಲಿ ಮಾತಾಡುತ್ತಲೇ ಕಣ್ಣು ಕೆಂಪಗೆ ಮಾಡಿ ಬಾಯಿ ಮೇಲೆ ಬೆರಳಿಟ್ಟಳು.

"ಹಾಲಿಗೆ ಹಾಕಿ ಸಾರ್, ಹಾಲಿಗೆ! ತಣ್ಣಗಿರ್ಲಿ. ತಕ್ಷಣ ಹೊರಟು ಬನ್ನಿ," ಅನ್ನುತ್ತಿದ್ದಳು ಅಮ್ಮ.

ಹಾಲಿಗೆ ಏನು ಹಾಕಬೇಕು, ಯಾಕೆ ಹಾಕಬೇಕು ಎಂದು ಬೇರೆ ದಿನವಾಗಿದ್ದರೆ ಗಿರಗಿಟ್ಲೆ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಇವತ್ತು ಸ್ಕೂಲ್ ಬ್ಯಾಗ್ ಕೂಡ ಇಳಿಸದೆ, ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಳು. ನಿನ್ನೆ ಸಂಜೆ ತೊಟ್ಟಿಯೊಳಗಿನ ಗಿಡದಲ್ಲಿ ಉದ್ದುದ್ದ ಎಲೆಗಳಿದ್ದವು. ಅಲ್ಲಲ್ಲಿ ತೂತು ಬಿದ್ದಿದ್ದವು ನಿಜ, ಆದರೂ ಇದ್ದವು. ಈಗ ನೋಡಿದರೆ ಒದ್ದೆ ಕಾಗದದ ಹಾಗೆ ಕರಗಿ, ಕಲ್ಲುಗಳ ಮೇಲೆ ಲೋಳೆಯಾಗಿ ಬಿದ್ದಿವೆ.

ಗಿರಗಿಟ್ಲೆ ಅನ್ನುವುದು ಮನೆಯವರು ಇಟ್ಟ ಹೆಸರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅಟೆಂಡೆನ್ಸಿನಲ್ಲಿ ಬೇರೆ ಹೆಸರಿದೆ. ಹಾಗೆ ಕರೆದರೆ ಅವಳಿಗೇ ಯಾರನ್ನೋ ಕರೆದಂತಾಗುತ್ತದೆ! ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೂ ಅವಳು ಇರುವುದು ಈ ಕ್ಲಿನಿಕ್ಕಿನಲ್ಲಿ. ಅಲ್ಲಿ ಅವಳಿಗಿದ್ದ ಒಬ್ಬನೇ ಗೆಳೆಯ ತೊಟ್ಟಿಯ ನೀಲಿ ಮೀನು. ಗತ್ತಿನಿಂದ ಓಡಾಡುವ ಆ ಮೀನಿಗೆ ಸಾಹೇಬ್ರು ಎಂದು ಹೆಸರಿಟ್ಟವಳೂ ಅವಳೇ.

ಮೊದಲು ತೊಟ್ಟಿಯಲ್ಲಿ ಪ್ಲಾಸ್ಟಿಕ್ ಗಿಡವಿತ್ತು. ಅದರ ಚೂಪು ಅಂಚು ತಾಗಿ ಸಾಹೇಬ್ರ ರೆಕ್ಕೆ ಹರಿದು ಚಿಂದಿಯಾಯಿತು. ಗಿರಗಿಟ್ಲೆ ಅತ್ತು ಕರೆದು ರಂಪ ಮಾಡಿದ ಮೇಲೆ ಡಾಕ್ಟರು ಒಪ್ಪಿದರು. "ಸರಿ, ನಿಜವಾದ ಗಿಡ ತನ್ನಿ. ಆದ್ರೆ ನೀರು ಕೆಟ್ಟು ನಾರಿದ್ರೆ ತೊಟ್ಟಿ ತೆಗೆಸಿ ಟಿವಿ ಹಾಕಿಸ್ತೀನಿ. ಸಾಹೇಬ್ರು ಬೇರೆ ಮನೆ ನೋಡ್ಕೋಬೇಕಾಗುತ್ತೆ."

"ನನ್ನ ಮಗಳು ನೋಡ್ಕೋತಾಳೆ ಡಾಕ್ಟ್ರೇ," ಎಂದಿದ್ದಳು ಅಮ್ಮ.

ಸಾಕುಮೀನಿನ ಅಂಗಡಿಯಲ್ಲಿ ಗಿರಗಿಟ್ಲೆ ಎಲ್ಲಕ್ಕಿಂತ ದೊಡ್ಡ ಎಲೆಯ ಗಿಡಕ್ಕೆ ಕೈ ಹಾಕಿದ್ದಳು. ಅಂಗಡಿ ಆಂಟಿ ಅವಳ ಕೈ ಸರಿಸಿದರು. "ಎಲೆ ನೋಡಿ ಮರುಳಾಗ್ಬೇಡ. ಗಿಡ ಕೊಳ್ಳೋವಾಗ ಬೇರು ನೋಡ್ಬೇಕು." ಬೆಳ್ಳಗೆ ಗಟ್ಟಿಯಾದ ಬೇರಿದ್ದ ಒಂದು ಗಿಡ ಆರಿಸಿ ಕೊಟ್ಟರು. "ಇದು ಬೇರಿನಿಂದಲೇ ಊಟ ಮಾಡೋ ಗಿಡ. ಈ ಗೊಬ್ಬರದ ಗುಳಿಗೆನ ಬೇರಿನ ಹತ್ರ ಕಲ್ಲೊಳಗೆ ತುರುಕು. ಬೇರು ಮಾತ್ರ ಹೂಳು, ಎಲೆ ಹುಟ್ಟೋ ಬುಡ ಮೇಲಿರ್ಲಿ. ದಿನವಿಡೀ ಲೈಟು ಉರಿಸ್ಬೇಡ, ಪಾಚಿ ಕಟ್ಟುತ್ತೆ. ನೆಟ್ಟ ಮೇಲೆ ಅದನ್ನ ಮರೆತುಬಿಡು."

ಕೊನೆಯ ಮಾತು ಹೇಳುವಷ್ಟರಲ್ಲಿ ಗಿರಗಿಟ್ಲೆಯ ಒಂದು ಕಾಲು ಬಾಗಿಲಾಚೆ ಇತ್ತು.

ಮರೆಯುವುದಂತೆ! ಅಷ್ಟು ಪ್ರೀತಿಯ ಗಿಡವನ್ನು ಯಾರಾದರೂ ಮರೆಯುತ್ತಾರಾ? ಬೇರು ಹಿಡಿಯಿತಾ ಇಲ್ಲವಾ ಎಂದು ತಿಳಿಯಬೇಡವೇ? ದಿನವೂ ಸ್ಕೂಲಿಂದ ಬಂದವಳೇ, ಅಮ್ಮ ಆಚೆ ತಿರುಗಿದಾಗ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕುತ್ತಿದ್ದಳು. ಗಿಡ ಮೆಲ್ಲಗೆ ಮೇಲೆತ್ತುವುದು, ಬೇರು ನೋಡುವುದು, ಮತ್ತೆ ಕಲ್ಲಿಗೆ ಒತ್ತುವುದು.

"ಏನಿದು ಗಲಾಟೆ?" ಡಾಕ್ಟರು ಕೈಗವಸು ಕಳಚುತ್ತಾ ಹೊರಗೆ ಬಂದರು. ತೊಟ್ಟಿ ನೋಡಿ ಅವರ ಮುಖ ಸಪ್ಪಗಾಯಿತು. "ಅಯ್ಯೋ, ಇದು ತೊಟ್ಟಿನಾ, ಕೊಚ್ಚೆಗುಂಡಿನಾ? ಆ ಅಂಗಡಿಯವರು ನಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ಸಂಜೆ ಎಲ್ಲಾ ತೆಗೆದು ಬಿಸಾಕಿಬಿಡಿ. ಟಿವಿಯವರಿಗೆ ಒಂದು ಫೋನ್ ಮಾಡಿ."

"ಹ್ಞೂಂ ಡಾಕ್ಟ್ರೇ," ಅಂದ ಅಮ್ಮನ ದನಿ ತಗ್ಗಿತ್ತು. ಗಿರಗಿಟ್ಲೆಗೆ ಅಂಗಡಿ ಆಂಟಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮೋಸಗಾತಿ! ಒಳಗೇ ಕೊಳೆತ ಗಿಡ ಕೊಟ್ಟಿದ್ದಾಳೆ!

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಒಬ್ಬ ಅಪ್ಪ, ಅವರ ಕೈ ಹಿಡಿದ ಒಬ್ಬ ಹುಡುಗ. ಹುಡುಗನ ಯೂನಿಫಾರ್ಮಿನ ಎದೆಯ ಮೇಲೆಲ್ಲ ರಕ್ತ. ಅಪ್ಪನ ಇನ್ನೊಂದು ಕೈಯಲ್ಲಿ ಒಂದು ಲೋಟ ಹಾಲು.

"ಸೈಕಲ್‌ನಿಂದ ಬಿದ್ದ ಡಾಕ್ಟ್ರೇ. ಹಲ್ಲು... ಹಲ್ಲು ಇದರಲ್ಲಿದೆ."

ಗಿರಗಿಟ್ಲೆ ಲೋಟದೊಳಗೆ ಇಣುಕಿದಳು. ಹಾಲಿನೊಳಗೆ ಇಡೀ ಒಂದು ಹಲ್ಲು!

"ಬೇರು ಮುಟ್ಟಿದ್ರಾ? ಉಜ್ಜಿ ತೊಳೆದ್ರಾ?" ಡಾಕ್ಟರು ಆಗಲೇ ಹೊಸ ಕೈಗವಸು ಎಳೆದುಕೊಳ್ಳುತ್ತಿದ್ದರು.

"ಇಲ್ಲ, ಇಲ್ಲ. ಫೋನಲ್ಲಿ ಈ ಮೇಡಂ ಹೇಳಿದ ಹಾಗೆ ಮೇಲಿನ ತುದಿ ಹಿಡಿದು ಎತ್ತಿದೆ."

"ಬದುಕಿದ್ರಿ. ಬನ್ನಿ ಒಳಗೆ."

ಗಾಬರಿಯಲ್ಲಿ ಡಾಕ್ಟರ ಕೋಣೆಯ ಬಾಗಿಲು ಮುಚ್ಚುವುದನ್ನು ಎಲ್ಲರೂ ಮರೆತರು. ಗಿರಗಿಟ್ಲೆ ಆಚೆ ನಿಂತು ನೋಡಿದಳು. ಡಾಕ್ಟರು ಹಲ್ಲನ್ನು ಅದರ ಗುಳಿಯಲ್ಲೇ ಮತ್ತೆ ಕೂರಿಸಿದರು! ಆಮೇಲೆ ತೆಳ್ಳನೆಯ ತಂತಿಯಿಂದ ಅದನ್ನು ಅಕ್ಕಪಕ್ಕದ ಹಲ್ಲುಗಳಿಗೆ ಜೋಡಿಸಿದರು.

"ಇದು ಹಾಲುಹಲ್ಲಲ್ಲ, ಹೋದ್ರೆ ಮತ್ತೆ ಬರಲ್ಲ," ಅಂದರು ಡಾಕ್ಟರು. "ಬೇರು ಹಿಡೀಲಿ ಅಂತ ಎರಡು ವಾರ ಕಾಯೋಣ, ಆಮೇಲೆ ತಂತಿ ಬಿಚ್ಚೋಣ."

ಹುಡುಗ ಊದಿದ ತುಟಿಯಲ್ಲೇ ಕೇಳಿದ. "ಹಿಡೀತೋ ಇಲ್ವೋ ಹೇಗೆ ಗೊತ್ತಾಗುತ್ತೆ? ದಿನಾ ಒಂಚೂರು ಅಲ್ಲಾಡಿಸಿ ನೋಡ್ಲಾ?"

"ಮಹಾರಾಯ! ನೋಡೋಕೆ ಅಂತ ದಿನಾ ಅಲ್ಲಾಡಿಸಿದ್ರೆ ಅದು ಹಿಡಿಯೋದಾದ್ರೂ ಯಾವಾಗ? ಬೆರಳು ತಾಗಿಸ್ಬೇಡ. ನಾಲಿಗೆನೂ ತಾಗಿಸ್ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಗಿಲಾಚೆ ನಿಂತಿದ್ದ ಗಿರಗಿಟ್ಲೆಯ ಎರಡು ಕೈಗಳೂ ತಾವಾಗಿಯೇ ಬೆನ್ನ ಹಿಂದೆ ಹೋದವು. ಆಂಟಿ ಮೋಸ ಮಾಡಿರಲಿಲ್ಲ. ಮರೆತುಬಿಡು ಎಂದು ಬಾಯಿಬಿಟ್ಟು ಹೇಳಿದ್ದರು. ಗಿಡದ ಗತಿ ಹೀಗಾಗಲು ಕಾರಣ ಈ ಕೈಗಳೇ.

ಹುಡುಗ ಹೊರಟುಹೋದ. ಅಮ್ಮ ಬಕೆಟ್ ತಂದು ತೊಟ್ಟಿಯ ಪಕ್ಕ ಇಟ್ಟಳು. ಸಾಹೇಬ್ರು ಗಾಜಿನ ಹತ್ತಿರ ಬಂದು ಚಿಂದಿ ರೆಕ್ಕೆ ಬೀಸಿದರು.

"ಡಾಕ್ಟ್ರೇ," ಗಿರಗಿಟ್ಲೆ ಬಕೆಟ್ಟಿಗೆ ಅಡ್ಡ ಬಂದು ನಿಂತಳು. "ಆಂಟಿ ಟೋಪಿ ಹಾಕಿಲ್ಲ. ಗಿಡ ಕಿತ್ತು ಕಿತ್ತು ನೋಡ್ತಿದ್ದೆ. ನಾನೇ."

ಅಮ್ಮನ ಕೈಯಲ್ಲಿದ್ದ ಮಗ್ಗು ಠಣ್ಣೆಂದು ಬಕೆಟ್ಟಿಗೆ ಬಿತ್ತು. "ಏನೇ? ದಿನಾನಾ?"

"ದಿನಾ. ಭಾನುವಾರ ಬಿಟ್ಟು. ಭಾನುವಾರ ಕ್ಲಿನಿಕ್ ಇರಲ್ವಲ್ಲ."

ಡಾಕ್ಟರಿಗೆ ನಗು ಬಂತೋ ಸಿಟ್ಟು ಬಂತೋ ಹೇಳುವುದು ಕಷ್ಟ. ಗಿರಗಿಟ್ಲೆಯ ಕಣ್ಣು ತುಂಬಿದ್ದು ನೋಡಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಹಲ್ಲು ನೋಡುವ ಟಾರ್ಚು ಹಚ್ಚಿದರು. "ಎತ್ತು, ಕೊನೇ ಸಲ. ಬೇರು ಮುಟ್ಟಬೇಡ."

ಅವಳು ಬುಡದ ಮೇಲ್ತುದಿ ಹಿಡಿದು ಎತ್ತಿದಳು. ಎಲೆ ಒಂದೂ ಉಳಿದಿರಲಿಲ್ಲ. ಹೆಬ್ಬೆರಳಷ್ಟು ಮೋಟು. ಅದರ ಕೆಳಗೆ ಬೆಳ್ಳಗಿನ ಬೇರು.

ಡಾಕ್ಟರು ಆ ಬದಿ ಈ ಬದಿ ಬೆಳಕು ಬಿಟ್ಟು ನೋಡಿದರು. "ಬೇರು ಗಟ್ಟಿ ಇದೆ. ಮೇಲೆ ಏನೇ ಹಾಳಾಗಿರ್ಲಿ, ಬೇರು ಚೆನ್ನಾಗಿದ್ರೆ ಸುಮ್ನೆ ಕೀಳೋನಲ್ಲ ನಾನು. ಆ ಹುಡುಗ ತಂತಿ ಬಿಚ್ಚಿಸೋಕೆ ಬರೋವರೆಗೂ ಟಿವಿಯವರಿಗೆ ಫೋನ್ ಬೇಡ."

ಗಿರಗಿಟ್ಲೆ ಬೇರನ್ನು ಮತ್ತೆ ಕಲ್ಲೊಳಗೆ ಹೂತು, ಕೊಳೆತ ಎಲೆಯ ಚೂರುಗಳನ್ನೆಲ್ಲ ಆರಿಸಿ ತೆಗೆದಳು. ಅಮ್ಮ ಒಂದಿಷ್ಟು ನೀರು ಬದಲಾಯಿಸಿದಳು. ಮನೆಗೆ ಹೋಗುವ ದಾರಿಯಲ್ಲಿ, "ನೀನಾಗೇ ನಿಜ ಹೇಳಿದ್ಯಲ್ಲ, ಅಷ್ಟು ಸಾಕು," ಅಂದಳು.

ಆಮೇಲಿನ ದಿನಗಳು ಗಿರಗಿಟ್ಲೆಗೆ ನರಕ. ತೊಟ್ಟಿಯ ಎದುರು ಕೂತರೆ ಕೈ ತುರಿಸುತ್ತಿತ್ತು. ತನ್ನ ಕೈಗಳ ಮೇಲೆ ತಾನೇ ಕೂತು ನೋಡಿದಳು. ಮೋಟು ಮೋಟಾಗಿಯೇ ಇತ್ತು. ಸತ್ತೇಹೋಗಿದ್ದರೆ? ಒಂದೇ ಒಂದು ಸಲ ಎತ್ತಿದರೆ ತಿಳಿಯುತ್ತಿತ್ತು. ಅವಳು ಎತ್ತಲಿಲ್ಲ.

ತಂತಿ ಬಿಚ್ಚಿಸಿಕೊಂಡ ಹುಡುಗ ಒಳಗಿನಿಂದ ಬಂದ ದಿನ ಗಿರಗಿಟ್ಲೆ ತೊಟ್ಟಿಯ ಮುಂದೆ ಅಲ್ಲಾಡದೆ ನಿಂತಿದ್ದಳು. ಮೋಟಿನ ನಡುವಿನಿಂದ ಸುರುಳಿ ಸುತ್ತಿಕೊಂಡ ಒಂದು ಎಲೆ ಹೊರಗೆ ಇಣುಕಿತ್ತು, ಉಗುರಿನಷ್ಟು.

"ಹಲ್ಲು?" ಎಂದು ಕೇಳಿದಳು, ತಿರುಗದೆಯೇ.

"ನಿಂತಿದೆ. ಇನ್ನೂ ಹುಷಾರಾಗಿರ್ಬೇಕಂತೆ. ಏ, ಎಲೆ ಬಂದಿದೆಯಲ್ಲ! ಬೇರು ಹಿಡಿದಿದೆಯಾ?" ಹುಡುಗ ನೀರಿಗೆ ಕೈ ಚಾಚಿದ. "ಎತ್ತಿ ನೋಡೋಣ?"

ಗಿರಗಿಟ್ಲೆ ಗಪ್ಪನೆ ಅವನ ಮಣಿಕಟ್ಟು ಹಿಡಿದಳು. "ಬೇಡ."

"ಮತ್ತೆ ಹೇಗೆ ಗೊತ್ತಾಗುತ್ತೆ?"

"ಈಗ ಗೊತ್ತಾಗಲ್ಲ."

ಆ ಹಲ್ಲನ್ನು ಸವರಿ ನೋಡಲು ಹುಡುಗನ ನಾಲಿಗೆ ತುಟಿಯೊಳಗೆ ಮೆಲ್ಲಗೆ ಮೇಲೆ ಹೊರಟಿತ್ತು. ಅದು ಅರ್ಧದಲ್ಲೇ ನಿಂತಿತು. ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಸಾಹೇಬ್ರು ಹೊಸ ಎಲೆಯ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ, ನಿಧಾನವಾಗಿ ಹಾದುಹೋದರು.