ಒಳಗಿನಿಂದ ತಟ್ಟಿದ ಬಾಗಿಲು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಾಂಕ್ರಾಮಿಕದ ದಿನಗಳಾದ್ದರಿಂದ ಮೇಜಿಗೂ ದೂರುದಾರರಿಗೂ ನಡುವೆ ಹಗ್ಗ ಕಟ್ಟಿತ್ತು. ಅವಳು ಹಗ್ಗದ ಆಚೆ ನಿಂತೇ ಮಾತಾಡಿದಳು.

"ನಮ್ಮಕ್ಕ ನಿದ್ದೆಯಲ್ಲಿ ಹೋದಳು ಅಂತ ಬರೆದುಕೊಟ್ಟಿದ್ದಾರೆ. ನಿದ್ದೆ ಮಾಡೋರು ಬಾಗಿಲು ಬಡೀತಾರಾ ಸರ್?"

ಅಕ್ಕ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವಳು. ಚಿಕ್ಕಂದಿನಿಂದ ಉಬ್ಬಸ, ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು ಸದಾ ಜೊತೆಗಿರಬೇಕು. ಸೋಂಕು ತಗುಲಿದೆ ಎಂದು ಗೊತ್ತಾದ ದಿನವೇ ಅವಳನ್ನು ಪ್ರತ್ಯೇಕ ವಾಸದ ಕೇಂದ್ರಕ್ಕೆ ಕರೆದೊಯ್ದಿದ್ದರು. ಅದು ಮೊದಲು ನರ್ಸಿಂಗ್ ವಿದ್ಯಾರ್ಥಿನಿಯರ ಹಾಸ್ಟೆಲ್ ಆಗಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿಂದ ಅಕ್ಕನ ಧ್ವನಿಸಂದೇಶ ಬಂದಿತ್ತು. ತಂಗಿ ಫೋನನ್ನು ಹಗ್ಗದ ಮೇಲಿಂದ ಚಾಚಿದಳು.

"ಬಾಗಿಲು ಹೊರಗಿಂದ ಹಾಕಿದ್ದಾರೆ ಕಣೇ. ಪಂಪು ಖಾಲಿಯಾಗಿದೆ. ಕೇಂದ್ರದವರಿಗೆ ಫೋನ್ ಮಾಡಿ ಹೇಳೇ…" ಆಮೇಲೆ ಮಾತಿರಲಿಲ್ಲ. ಲೋಹ ಮರಕ್ಕೆ ಬಡಿಯುವ ಸದ್ದು, ನಡುನಡುವೆ ಉಸಿರೆಳೆಯುವ ಸೀಟಿ. ಸಂದೇಶ ಮುಗಿಯುವ ಮೊದಲೇ ತಂಗಿ ಫೋನನ್ನು ಹಿಂದಕ್ಕೆಳೆದುಕೊಂಡು ನಿಲ್ಲಿಸಿದಳು.

"ಇದನ್ನ ಯಾವಾಗ ಕೇಳಿದಿರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಸಂಜೆ. ಜ್ವರದ ಮಾತ್ರೆ ತಗೊಂಡು ಮಲಗಿಬಿಟ್ಟಿದ್ದೆ. ಎದ್ದು ಕೇಂದ್ರಕ್ಕೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ಅವರೇ ಮಾಡಿದರು."

ದೇಹದ ಸಂಸ್ಕಾರ ಅದೇ ರಾತ್ರಿ ಆಗಿಹೋಗಿತ್ತು. ಶವಪರೀಕ್ಷೆಗೆ ಏನೂ ಉಳಿದಿರಲಿಲ್ಲ. ಸದ್ಯಕ್ಕೆ ಅಕ್ರಮ ಬಂಧನ ಮತ್ತು ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಬರೆದು ಮುಗಿಸಿದ ದಫೇದಾರ್ ಹಳೆಯ ಪತ್ರಿಕೆಯೊಂದನ್ನು ಹುಡುಕಿ ತಂದು ಇನ್‌ಸ್ಪೆಕ್ಟರ್ ಮುಂದೆ ಇಟ್ಟರು. ಹಿಂದಿನ ವಾರ ಹೈಕೋರ್ಟ್ ಕೊಟ್ಟ ಆದೇಶ ಅದರಲ್ಲಿತ್ತು. ರೋಗಿ ಕೈದಿಯಲ್ಲ; ಜ್ವರ ಬಂದವರ ಬದುಕುವ ಹಕ್ಕು ಜ್ವರ ಇಳಿಯುವ ತನಕ ಅಮಾನತಿನಲ್ಲಿ ಇರುವುದಿಲ್ಲ; ಯಾವ ಕೇಂದ್ರದಲ್ಲೂ ರೋಗಿಯ ಕೋಣೆಗೆ ಹೊರಗಿನಿಂದ ಚಿಲಕ ಇರಕೂಡದು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಕೇಂದ್ರದಲ್ಲಿದ್ದರು. ತಲೆಯಿಂದ ಕಾಲಿನವರೆಗೆ ರಕ್ಷಣಾ ಉಡುಪು, ಒಳಗೆ ಬೆವರು. ಕೇಂದ್ರಾಧಿಕಾರಿ ಮೆಟ್ಟಿಲ ಬುಡದಲ್ಲೇ ತಡೆದರು.

"ಆದೇಶ ಬಂದ ದಿನವೇ ಎಲ್ಲ ಚಿಲಕ ತೆಗೆಸಿದ್ದೀನಿ. ಹಾಗೆ ನೋಡಿದರೆ ರೋಗ ಹರಡೋರನ್ನ ಕೂಡಿಹಾಕೋ ಅಧಿಕಾರ ಸಾಂಕ್ರಾಮಿಕ ಕಾಯ್ದೆಯಲ್ಲಿ ನಮಗಿದೆ."

"ಆ ವಾದ ಹೈಕೋರ್ಟಲ್ಲಿ ಮುಗಿದಿದೆ ಸರ್. ಕೋಣೆ ತೋರಿಸಿ."

ಮೊದಲ ಮಹಡಿಯ ಓಣಿ ಉದ್ದಕ್ಕಿತ್ತು. ಎರಡೂ ಕಡೆ ಹಸಿರು ಬಾಗಿಲುಗಳು, ಹಕ್ಕಳೆ ಎದ್ದ ಹಳೆಯ ಬಣ್ಣ. ಚಿಲಕ ಕಿತ್ತ ಕಡೆ ಪ್ರತಿ ಬಾಗಿಲಲ್ಲೂ ಸ್ಕ್ರೂವಿನ ತೂತುಗಳು ಹಾಗೇ ಬಾಯಿ ಬಿಟ್ಟುಕೊಂಡಿದ್ದವು. ಕೊನೆಯ ಬಾಗಿಲು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ದಫೇದಾರ್ ಕೈಗವಸಿನ ಬೆರಳಿಂದ ಮುಟ್ಟಿದರು. ಬಣ್ಣ ಅಂಟಿತು.

"ಒಂದೇ ಬಾಗಿಲಿಗೆ ಯಾಕೆ ಸರ್ ಸಿಂಗಾರ?"

ಎದುರಿನ ಔಷಧಿ ಅಂಗಡಿಯವರನ್ನೂ ಒಬ್ಬ ಶಾಲಾ ಮೇಷ್ಟರನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಬಣ್ಣ ಕೆರೆದಾಗ ಅಡಿಯಲ್ಲಿ ಪುಟ್ಟಿ ತುಂಬಿ ಮುಚ್ಚಿದ ತೂತುಗಳು ಕಂಡವು. ಹಳೆಯ ತೂತುಗಳ ಪಕ್ಕದಲ್ಲೇ ಬೇರೆ ತೂತುಗಳಿದ್ದವು. ಚಿಲಕ ಒಮ್ಮೆ ತೆಗೆದು ಮತ್ತೆ ಹಾಕಿದ್ದರು.

ಇನ್‌ಸ್ಪೆಕ್ಟರ್ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಬಣ್ಣ ಬಳಿಸಿದವರು ಯಾರೇ ಆಗಲಿ, ಒಳಬದಿಯನ್ನು ನೋಡಿರಲಿಲ್ಲ. ಭುಜದ ಎತ್ತರದಲ್ಲಿ ಒಂದು ಗುಂಪು ಗುರುತು, ಲೋಟದ ಅಂಚು ಕಚ್ಚಿದ ಅರ್ಧಚಂದ್ರಗಳು. ಅದರ ಕೆಳಗೆ ಸೊಂಟದ ಮಟ್ಟದಲ್ಲಿ ಇನ್ನೊಂದಷ್ಟು. ಆಮೇಲೆ ಮಂಡಿಯ ಮಟ್ಟಕ್ಕೆ. ಕೊನೆಯವು ನೆಲದಿಂದ ಗೇಣೆತ್ತರದಲ್ಲಿದ್ದವು. ಮರಕ್ಕೆ ಇಳಿದೇ ಇರಲಿಲ್ಲ, ಬಣ್ಣವನ್ನಷ್ಟೇ ಸವರಿದ್ದವು.

ಅವರು ಅಲ್ಲಿ ಕುಕ್ಕರಗಾಲಲ್ಲಿ ಕೂತು ಪ್ರತಿ ಗುಂಪಿನ ಎತ್ತರ ಅಳೆದು ಬರೆಸಿದರು. ಮಂಚದ ಕೆಳಗಿಂದ ಸೊಟ್ಟಗಾದ ಸ್ಟೀಲ್ ಲೋಟ ಸಿಕ್ಕಿತು.

ಪಕ್ಕದ ಕೋಣೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು.

"ಸದ್ದು ಕೇಳಿಸ್ತಾ?"

"ಕೇಳಿಸ್ತು."

"ನಿಮ್ಮ ಬಾಗಿಲಿಗೆ ಚಿಲಕ ಇರಲಿಲ್ಲವಲ್ಲ. ಹೊರಗೆ ಬರಲಿಲ್ಲ ಯಾಕೆ?"

ಮುದುಕರು ಹಾಸಿಗೆಯ ಅಂಚು ಹಿಡಿದುಕೊಂಡರು. "ಹೊರಗೆ ಬಂದರೆ ನನ್ನನ್ನೂ ಕೂಡಿಹಾಕ್ತಾರೆ ಅಂತ ಭಯ ಆಯ್ತಪ್ಪ. ಯಾರೋ ಬರ್ತಾರೆ ಅಂದುಕೊಂಡೆ. ಈಗಲೂ ಕಣ್ಣು ಮುಚ್ಚಿದರೆ ತಟ್ಟುತ್ತಾಳೆ."

ಉಳಿದ ಸಿಬ್ಬಂದಿ ಯಾರೂ ಏನೂ ಕಂಡಿರಲಿಲ್ಲ. "ಮೂಗಿಗೆ ಮಾಸ್ಕು, ಬಾಯಿಗೆ ಬೀಗ," ಎಂದರು ದಫೇದಾರ್, ಉಡುಪು ಕಳಚುತ್ತ.

ಬಾಗಿಲನ್ನು ಕೀಲು ಬಿಚ್ಚಿ ವಶಪಡಿಸಿಕೊಂಡರು. ಬಿಳಿ ಬಟ್ಟೆ ಸುತ್ತಿ ನಾಲ್ಕು ಜನ ಹೊತ್ತು ಇಳಿಸುವಾಗ ಓಣಿಯ ರೋಗಿಗಳು ತಂತಮ್ಮ ಬಾಗಿಲಿಗೆ ಬಂದು ನಿಂತರು. ಒಬ್ಬಿಬ್ಬರು ಕೈಮುಗಿದರು. ಠಾಣೆಯಲ್ಲಿ ಅದನ್ನಿಡಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರ ಕೋಣೆಯ ಗೋಡೆಗೇ ಒರಗಿಸಿದರು. ಅವತ್ತಿನಿಂದ ಪೇದೆಗಳು ಫೈಲು ತಂದರೆ ಹೊಸ್ತಿಲಲ್ಲೇ ಕೊಟ್ಟು ಹೋಗತೊಡಗಿದರು. ಟೈಪಿಸ್ಟು ಮರುದಿನ, "ಸರ್, ಕರೆದಿರಾ? ತಟ್ಟಿದ ಹಾಗಾಯ್ತು," ಎಂದು ಒಳಗೆ ಬಂದು, ಬಾಗಿಲನ್ನು ನೋಡಿ ವಾಪಸಾದ.

ಚಿಲಕ ಹಾಕಿದ ಬಡಗಿ ಬುಧವಾರ ಸಿಕ್ಕ. ಆದೇಶ ಬಂದಾಗ ಎಲ್ಲ ಚಿಲಕ ಕಿತ್ತವನೂ ಅವನೇ.

"ಮತ್ತೆ ಒಂದನ್ನ ಹಾಕು ಅಂದವರು ಯಾರು?"

"ದೊಡ್ಡಕ್ಕ."

"ಯಾವಾಗ?"

"ಶನಿವಾರ. ಆ ಕೋಣೆಯಮ್ಮ ಅವತ್ತು ಗೇಟಿನವರೆಗೆ ಹೋಗಿದ್ದರಂತೆ. ಮನೆಯಿಂದ ಪಂಪು ತಂದುಕೊಂಡು ಬಂದುಬಿಡ್ತೀನಿ ಅಂತ."

"ಬಣ್ಣ?"

"ಅದು ಸೋಮವಾರ. ಸಾಹೇಬರು ಹೇಳಿದ್ದು."

ದೊಡ್ಡಕ್ಕ ಎಂದರೆ ಕೇಂದ್ರದ ಮೇಲ್ವಿಚಾರಕಿ. ಊರಲ್ಲಿ ಅವಳ ಬಗ್ಗೆ ಒಂದೂ ಕೆಟ್ಟ ಮಾತಿರಲಿಲ್ಲ. ಮಕ್ಕಳು ದೂರ ಮಾಡಿದ ರೋಗಿಗಳಿಗೂ ಕೈಯಾರೆ ಗಂಜಿ ಕುಡಿಸಿದವಳು. ಅವಳ ಗಂಡ ಆಂಬುಲೆನ್ಸ್ ಓಡಿಸುತ್ತಿದ್ದ. ಎರಡು ತಿಂಗಳ ಹಿಂದೆ ಇದೇ ಕೇಂದ್ರದಿಂದ ಒಬ್ಬ ರೋಗಿ ತಪ್ಪಿಸಿಕೊಂಡು ಓಡಿದಾಗ, ರಕ್ಷಣಾ ಉಡುಪು ಹಾಕಿಕೊಳ್ಳುವಷ್ಟು ಪುರುಸೊತ್ತಿಲ್ಲದೆ ಬರಿಗೈಯಲ್ಲಿ ಹಿಡಿದು ತಂದಿದ್ದ. ಹದಿನೈದು ದಿನ ಕಳೆಯುವುದರೊಳಗೆ ಅದೇ ಸೋಂಕಿಗೆ ಅವನೂ ಹೋದ. ಕೇಂದ್ರದ ಬಾಗಿಲುಗಳಿಗೆ ಚಿಲಕ ಬಂದದ್ದು ಆಮೇಲೆ.

ಗುರುವಾರ ಮಹಿಳಾ ಪೇದೆಯೊಬ್ಬಳು ಅವಳನ್ನು ಠಾಣೆಗೆ ಕರೆತಂದಳು. ಒಳಗೆ ಕಾಲಿಟ್ಟವಳು ಬಿಳಿ ಬಟ್ಟೆ ಸುತ್ತಿದ ಬಾಗಿಲನ್ನು ನೋಡಿ ನಿಂತುಬಿಟ್ಟಳು.

"ಕೂತ್ಕೊಳ್ಳಿ. ಕೋರ್ಟಿನ ಆದೇಶ ನಿಮಗೆ ಗೊತ್ತಿತ್ತಾ?"

"ನಾನೇ ಎಲ್ಲರಿಗೂ ಓದಿ ಹೇಳಿದ್ದು."

"ಗೊತ್ತಿದ್ದೂ ಚಿಲಕ ಹಾಕಿಸಿದಿರಿ."

"ಬದುಕೋ ಹಕ್ಕು ಅಂತ ಬರೆದಿದ್ದರು. ನಮ್ಮ ಮನೆಯವರಿಗೆ ಆ ಹಕ್ಕು ಇರಲಿಲ್ಲವಾ ಸರ್? ಅವತ್ತು ಓಡಿದವನ ಬಾಗಿಲಿಗೆ ಚಿಲಕ ಇದ್ದಿದ್ದರೆ ಅವರು ಇವತ್ತು ಮನೆಯಲ್ಲಿರುತ್ತಿದ್ದರು. ಇವಳು ಗೇಟಿನ ಹತ್ತಿರ ಹೋಗಿದ್ದು ನೋಡಿದ ಕೂಡಲೇ ನಮ್ಮ ಮನೆಯವರೇ ಕಣ್ಣ ಮುಂದೆ ಬಂದರು. ಒಂದೆರಡು ದಿನ ಅಂತ ಹಾಕಿಸಿದೆ."

"ಪಂಪು ಕೇಳಿದ್ದರಲ್ಲ?"

"ತರಿಸಿಕೊಡ್ತೀನಿ ಅಂದಿದ್ದೆ. ಭಾನುವಾರ ಮೂವರಿಗೆ ಆಕ್ಸಿಜನ್ ಬೇಕಾಯ್ತು. ಮರೆತುಹೋಯ್ತು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದರು.

"ತಟ್ಟಿದ್ದು ಕೇಳಿಸ್ತಾ?"

ಅವಳು ಬಾಗಿಲಿನ ಕಡೆ ನೋಡಿದಳು. "ಕೇಳಿಸ್ತು. ಕೆಳಗಿನ ವಾರ್ಡಲ್ಲಿದ್ದೆ. ಮೊದಲು ಜೋರಾಗಿತ್ತು, ಸಿಟ್ಟಿಗೆ ಬಡೀತಿದ್ದಾಳೆ ಅಂದುಕೊಂಡೆ. ಆಮೇಲೆ ನಿಧಾನ ಆಯ್ತು. ಸಿಟ್ಟು ಇಳೀತು ಅಂದುಕೊಂಡೆ. ಆಮೇಲೆ ನಿಂತುಹೋಯ್ತು. ಸದ್ಯ, ಮಲಗಿದಳಲ್ಲ ಅಂತ ನನಗೆ ಸಮಾಧಾನ ಆಯ್ತು ಸರ್."

ಸಂಜೆ ಬಂಧನ ದಾಖಲಾಯಿತು. ಸಾಕ್ಷ್ಯ ನಾಶದ ಆರೋಪದ ಮೇಲೆ ಕೇಂದ್ರಾಧಿಕಾರಿಯನ್ನೂ ಕರೆತಂದರು. ಅವರು ವಕೀಲರಿಗೆ ಫೋನ್ ಮಾಡಲು ಕೇಳಿದರು. ದೊಡ್ಡಕ್ಕ ಏನನ್ನೂ ಕೇಳಲಿಲ್ಲ. ಅವಳ ಹೇಳಿಕೆಯ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಒಂದು ಸಾಲು ಬರೆದರು: ಆರೋಪಿಗೆ ಮೃತಳ ಮೇಲೆ ದ್ವೇಷವಿರಲಿಲ್ಲ, ಗಂಡನ ಸಾವಿನ ನಂತರ ತೆರೆದ ಬಾಗಿಲು ಕಂಡರೆ ಆಕೆಗೆ ಭಯ.

ಶುಕ್ರವಾರ ತಂಗಿ ಬಂದಳು. ಈ ಸಲ ಕೂತಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಆಯಮ್ಮನಿಗೆ ಅಕ್ಕ ತಟ್ಟಿದ್ದು ಕೇಳಿಸಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಆದರೆ ನಾಳೆ ನ್ಯಾಯಾಲಯದಲ್ಲಿ ಇವಳೇ ಕೂತು ಕೇಳಬೇಕು.

"ಕೇಳಿಸಿತ್ತಮ್ಮ," ಎಂದರು ಇನ್‌ಸ್ಪೆಕ್ಟರ್.

ಅವಳು ತಲೆಯಾಡಿಸಿದಳು. ತನ್ನ ಫೋನನ್ನು ತೆಗೆದು, ಸಾಕ್ಷ್ಯಕ್ಕೆ ಬೇಕಾಗುತ್ತದಲ್ಲ ಎನ್ನುತ್ತ ಮೇಜಿನ ಮೇಲಿಟ್ಟಳು. ಎದ್ದು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಕೊನೆಯವರೆಗೂ ಕೇಳಬೇಡಿ ಸರ್. ಕೊನೆಯಲ್ಲಿ ನನ್ನ ಹೆಸರು ಕರೀತಾಳೆ."