ಎರೆಯಮನ ಎದೆಯ ಕೆಂಡದ ಕೋಣ

ಬಹಳ ಹಿಂದೆ, ಏಳು ಹೊಳೆಗಳ ನಡುವೆ, ಕೇದಗೆನಾಡು ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರ ಎರೆಯಮ. ಅವನಿಗೆ ಸಿಟ್ಟು ಬಂದರೆ ಎದೆಯಿಂದ ಕೆಂಡದ ಕೋಣವೊಂದು ಹೊರಗೆ ಹಾರುತ್ತಿತ್ತು. ಎದುರಿಗಿದ್ದುದನ್ನೆಲ್ಲ ತಿವಿದು, ಅರೆಗಳಿಗೆಯಲ್ಲಿ ಮತ್ತೆ ಎದೆಯೊಳಗೆ ಸೇರುತ್ತಿತ್ತು.

ಕೂಡಲೇ ಬಡಗಿಗಳು ಬಂದು ಮುರಿದ ಬಾಗಿಲು ಕಿತ್ತು ಹೊಸದನ್ನು ಕೂರಿಸುತ್ತಿದ್ದರು. ನಡೆದದ್ದರ ಬಗ್ಗೆ ಯಾರೂ ಮಾತಾಡಬಾರದು; ಅದು ಅರಮನೆಯ ಪದ್ಧತಿ. ಮಂತ್ರವಾದಿ ಧೂಮಕೇಶಿ ಮಾತ್ರ ಬೆನ್ನು ತಟ್ಟುತ್ತಿದ್ದ. "ಇದು ರಾಜರಕ್ತದ ಬಿಸಿ, ಕುಮಾರಾ. ನಾಚಬೇಡ." ಅಂಥ ಬಿಸಿಯನ್ನು ಕುಡಿದೇ ಅವನು ಮುನ್ನೂರು ವರ್ಷ ಬದುಕಿದ್ದ. ಅದು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಪಗಡೆಯಾಟದಲ್ಲಿ ತಂಗಿ ಹೊನ್ನಲೆ ಗೆದ್ದು ನಕ್ಕಳು. ಕೋಣ ಹಾರಿತು. ಅವಳ ತೋಳು ಬೆಂದಿತು.

"ನಾನಲ್ಲ, ಕೋಣ," ಎಂದ ಎರೆಯಮ.

"ಬಾಗಿಲಿಗೆ ಬಡಗಿ ಇದ್ದಾನೆ, ಅಣ್ಣಾ. ನಿನ್ನ ಹೆಜ್ಜೆ ಸಪ್ಪಳ ಕೇಳಿದರೆ ನನಗೆ ನಡುಕ ಬರುತ್ತೆ. ಅದಕ್ಕೆ ಯಾರಿದ್ದಾರೆ? ನಿನ್ನ ಪಟ್ಟಾಭಿಷೇಕ ಮುಗಿದ ಮೇಲೆ ಸೋದರಮಾವನ ಊರಿಗೆ ಹೋಗ್ತೀನಿ. ಮತ್ತೆ ಬರೋದಿಲ್ಲ."

ಎರೆಯಮ ಅಂದೇ ಹೊರಟ. ಮನಸ್ಸಿನ ಬೇನೆ ನೋಡುವ ವೈದ್ಯೆ ಬಾಚವ್ವನ ಮನೆ ಏಳನೆಯ ಹೊಳೆಯಲ್ಲಿ, ಮಲಗಿದ ಆಮೆಯೊಂದರ ಬೆನ್ನ ಮೇಲಿತ್ತು.

"ಈ ಕೋಣವನ್ನು ಕೊಂದುಬಿಡು, ಅವ್ವಾ."

"ಕೊಂದರೆ ನೀನೂ ಸಾಯ್ತೀಯ, ಪೆದ್ದ. ಕೂತುಕೋ. ಮೂರು ಕೆಲಸ ಇದೆ."

ಮೊದಲನೆಯದು, ಕೋಣದ ಹೆಸರೆತ್ತದೆ ನಡೆದದ್ದನ್ನು ಹೇಳುವುದು. ಎರಡು ದಿನ ಬಾಯಿ ತೆರೆದಾಗೆಲ್ಲ ಕೋಣದ ಹೆಸರೇ ಬಂತು. ಮೂರನೆಯ ದಿನ, "ನನ್ನ ತಂಗಿಯನ್ನು ನಾನು ಸುಟ್ಟೆ," ಎಂದ. ಬಾಚವ್ವ ಬೈಯಲಿಲ್ಲ, ಕಹಿ ಕಷಾಯ ಕೊಟ್ಟಳು.

ಎರಡನೆಯದು, ಕೋಣ ಮೊದಲು ಬಂದ ದಿನವನ್ನು ಹುಡುಕುವುದು. ಅದು ಅಮ್ಮ ತೀರಿಕೊಂಡ ದಿನ. ಆಗ ಅವನಿಗೆ ಎಂಟು ವರ್ಷ. ರಾಜಕುಮಾರ ಅಳಬಾರದು ಎಂದು ಧೂಮಕೇಶಿ ಕಣ್ಣೊರೆಸಿದ್ದ. ಹನ್ನೆರಡು ವರ್ಷ ತಡವಾಗಿ ಎರೆಯಮ ಅತ್ತ. ಆಮೆ ಎಚ್ಚರವಾಗಿ ಕೇಳಿಸಿಕೊಂಡಿತು.

ಮೂರನೆಯದು, ಕೋಣ ಬರುವ ಗುರುತನ್ನು ಹಿಡಿಯುವುದು. ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ದವಡೆ ಬಿಗಿಯುತ್ತದೆ.

"ಆಗ ಏನು ಮಾಡಲಿ?"

"ಹತ್ತಿರ ಇದ್ದವರಿಗೆ ಬಾಯಿಬಿಟ್ಟು ಹೇಳು. ಆ ಜಾಗ ಬಿಟ್ಟು ನಡಿ. ಒಬ್ಬನೇ ಹಿಡಿಯೋಕೆ ಹೋಗಬೇಡ."

ಎರೆಯಮ ಅರಮನೆಗೆ ಮರಳಿದ. ಪಟ್ಟಾಭಿಷೇಕದ ದಿನ ಬಂತು. ಕೋಣದ ಬಿಸಿ ಸಿಗದೆ ವಾರಗಟ್ಟಲೆ ಹಸಿದಿದ್ದ ಧೂಮಕೇಶಿ ತುಂಬಿದ ಸಭೆಯಲ್ಲಿ ನಕ್ಕ.

"ಮುದುಕಿಯ ಮುಂದೆ ಕೂತು ಅತ್ತುಬಿಟ್ಟೆಯಂತೆ, ಕುಮಾರಾ! ನಿನ್ನ ತಾಯಿ ಕೇಳಿದ್ದರೆ ನಾಚಿ ಇನ್ನೊಮ್ಮೆ ಸಾಯುತ್ತಿದ್ದಳು."

ಕಿವಿ ಬಿಸಿಯಾಯಿತು. ದವಡೆ ಬಿಗಿಯಿತು. ಎದೆಯ ಮೇಲೆ ಎರಡು ಕೆಂಪು ಕೊಂಬು ಮೂಡಿದವು. ಜನ ಚೆಲ್ಲಾಪಿಲ್ಲಿಯಾದರು.

"ಕೋಣ ಬರ್ತಾ ಇದೆ!" ಎಂದ ಎರೆಯಮ, ಇಡೀ ಸಭೆಗೆ ಕೇಳುವಂತೆ. "ನನ್ನೊಬ್ಬನಿಂದ ಆಗೋದಿಲ್ಲ. ನನಗೆ ಸಹಾಯ ಬೇಕು. ಹೊನ್ನಲೇ, ನೀನು ದೂರ ನಿಲ್ಲು."

ಮುದಿ ಬಡಗಿಯೊಬ್ಬ ಮುಂದೆ ಬಂದ. "ಬನ್ನಿ ಒಡೆಯಾ, ಅಂಗಳಕ್ಕೆ ಹೋಗೋಣ. ಉಸಿರು ಎಣಿಸಿ, ನಾನೂ ಎಣಿಸ್ತೀನಿ."

ನೂರನೆಯ ಉಸಿರಿಗೆ ಕೊಂಬುಗಳು ಕಪ್ಪಾಗಿ ಒಳಗಿಳಿದವು. "ಬಾ ಕೋಣವೇ, ಬಾ!" ಎಂದು ಹಿಂದೆಯೇ ಓಡಿಬಂದ ಧೂಮಕೇಶಿ ಚೀರಿದ. ಬರಲಿಲ್ಲ. ಮುನ್ನೂರು ವರ್ಷದ ಮುಪ್ಪು ಒಮ್ಮೆಗೇ ಅವನ ಮೇಲೆ ಬಿತ್ತು. ಉಳಿದದ್ದು ಒಂದು ಹಿಡಿ ಬೂದಿ. ಗಾಳಿ ಅದನ್ನೂ ಒಯ್ದಿತು. ಕಹಳೆಗಳು ತಾವಾಗಿಯೇ ಮೊಳಗಿದವು.

ಕಿರೀಟ ತೊಟ್ಟ ಅಣ್ಣನ ಹತ್ತಿರ, ನಾಲ್ಕು ಮಾರು ದೂರದಲ್ಲಿ, ಹೊನ್ನಲೆ ಬಂದು ನಿಂತಳು.

"ಈ ವಾರ ಮಾವನ ಊರಿಗೆ ಹೋಗಲ್ಲ."

"ಮುಂದಿನ ವಾರ?"

"ನೋಡೋಣ."

ಅವಳು ಯಾವ ವಾರವೂ ಹೋಗಲಿಲ್ಲ. ಕೋಣ ಆಗಾಗ ಒಳಗೇ ಗೊರಸು ಕೆರೆಯುತ್ತಿತ್ತು. ಆಗೆಲ್ಲ ಎರೆಯಮ ಮಹಾರಾಜ ಹಾಡುಹಗಲೇ, ಎಲ್ಲರೆದುರಿಗೇ, ಬಾಚವ್ವನ ಮನೆಗೆ ಹೋಗಿ ಬರುತ್ತಿದ್ದ. ಅವನನ್ನು ನೋಡಿ ಇನ್ನೂ ಎಷ್ಟೋ ಮಂದಿ ಅದೇ ದಾರಿ ಹಿಡಿದರು. ಕೇದಗೆನಾಡಿನಲ್ಲಿ ಎಲ್ಲರೂ ಕೊನೆಯವರೆಗೂ ನೆಮ್ಮದಿಯಾಗಿ ಬಾಳಿದರು.